ಬಟ್ಟೆಯ ಮೇಲೆ ಮಾದರಿಯನ್ನು ನಿಲ್ಲಿಸುವ ಸಾಧನಗಳು: ಕಲಬುರಗಿ ಸೀಮೆಯ ಹೊಲಿಗೆಯ ಇತಿಹಾಸದಲ್ಲಿ ಒಂದು ವಿಚಾರ

ನಮ್ಮ ನಾಡಿನ ಉಡುಗೆತೊಡುಗೆಗಳ ಚರಿತ್ರೆಯನ್ನು ಬರೆದ ವಿದ್ವಾಂಸರು ಶಿಲ್ಪಗಳನ್ನೂ ಭಿತ್ತಿಚಿತ್ರಗಳನ್ನೂ ವಿದೇಶೀ ಪ್ರವಾಸಿಗರ ಬರಹಗಳನ್ನೂ ಆಧಾರವಾಗಿಟ್ಟುಕೊಂಡು, ಯಾವ ಕಾಲದಲ್ಲಿ ಯಾರು ಏನನ್ನು ಉಟ್ಟರೆಂಬುದನ್ನು ಬಹುಮಟ್ಟಿಗೆ ತಿಳಿಸಿಕೊಟ್ಟಿದ್ದಾರೆ. ಆ ಉಡುಪನ್ನು ಹೊಲಿದವನ ಕೈಯಲ್ಲಿ ಏನಿದ್ದಿತು, ಅರಿವೆಗೆ ಕತ್ತರಿಯನ್ನು ಹಚ್ಚುವುದಕ್ಕೆ ಮುನ್ನ ಅವನು ಏನು ಮಾಡಿದನು ಎಂದು ಕೇಳಿದವರು ವಿರಳ. ಕತ್ತರಿಸಿದ ಅರಿವೆಯನ್ನು ಮತ್ತೆ ಕೂಡಿಸಲಾಗುವುದಿಲ್ಲ. ಆದುದರಿಂದ ಹೊಲಿಗೆಯ ಕೆಲಸದಲ್ಲಿ ಅತ್ಯಂತ ಗಂಡಾಂತರದ ಗಳಿಗೆಯೆಂದರೆ ಕತ್ತರಿಸುವುದಕ್ಕೆ ಮುಂಚಿನ ಗಳಿಗೆ. ಬೇಕಾದ ಆಕಾರವು ಎಲ್ಲಿಯೋ ಒಂದು ಕಡೆ, ಕಾಗದದಲ್ಲಿಯೋ ಹಳೆಯ ಅಂಗಿಯಲ್ಲಿಯೋ ಕುಶಲಿಯ ಮನಸ್ಸಿನಲ್ಲಿಯೋ ಇರುತ್ತದೆ; ಅದು ಜಾರದೆ, ಸೊಟ್ಟಗಾಗದೆ, ಮೆದುವಾದ ಬಟ್ಟೆಯ ಮೇಲೆ ಬಂದು ನಿಲ್ಲಬೇಕು. ಹೀಗೆ ನಿಲ್ಲಿಸುವ ಕೆಲಸಕ್ಕೆ ಇಂದಿನ ಹೊಲಿಗೆಯ ಪಾಠಪುಸ್ತಕಗಳು ಮೊದಲು ಹೆಸರಿಸುವ ಸಾಧನವು ಗುಂಡುಸೂಜಿ. ಕಲಬುರಗಿ ಸೀಮೆಯ ದರ್ಜಿಯ ಅಂಗಡಿಯಲ್ಲಿಯಾದರೋ ಅದನ್ನು ಹುಡುಕಿದರೆ ಬಿಲ್ಲುಪುಸ್ತಕದ ಚೀಟಿಯನ್ನು ಬಟ್ಟೆಗೆ ಸಿಕ್ಕಿಸಿರುವಲ್ಲಿ ಕಾಣಬಹುದೇ ಹೊರತು ಕತ್ತರಿಸುವ ಮೇಜಿನ ಮೇಲೆ ಕಾಣುವುದು ಅಪರೂಪ. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದು ಪ್ರಸ್ತುತ ಲೇಖನದ ವಿಷಯ.

ಇದನ್ನು ಕೊರತೆಯೆಂದು ಬಗೆಯುವುದು ಸುಲಭ. ಹಿಂದೂ ಜನರಿಗೆ ಮುಸಲ್ಮಾನರು ಬರುವವರೆಗೆ ಹೊಲಿದ ಬಟ್ಟೆಯೇ ತಿಳಿದಿರಲಿಲ್ಲವೆಂಬ ಮಾತು 19ನೆಯ ಶತಮಾನದ ಆಂಗ್ಲ ಬರಹಗಳಲ್ಲಿ ಪದೇಪದೇ ಕಾಣಬರುತ್ತದೆ. ಭಾರತದ ಬಟ್ಟೆಗಳ 700 ತುಣುಕುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ ಬ್ರಿಟನ್ನಿನ ಗಿರಣಿಗಳ ಉಪಯೋಗಕ್ಕೆಂದು ಒದಗಿಸಿದ ಫೋರ್ಬ್ಸ್ ವಾಟ್ಸನ್ನನು 1866ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಗ್ಗದಿಂದ ಇಳಿದೊಡನೆ ಉಡುವುದಕ್ಕೆ ಸಿದ್ಧವಾದ ವಸ್ತ್ರಗಳನ್ನು ಒಂದು ವರ್ಗವನ್ನಾಗಿಯೂ ಕತ್ತರಿಸಿ ಹೊಲಿದವುಗಳನ್ನು ಇನ್ನೊಂದು ವರ್ಗವನ್ನಾಗಿಯೂ ವಿಂಗಡಿಸಿದನು. ವ್ಯಾಪಾರಿಯ ದೃಷ್ಟಿಯಿಂದ ಇದು ಉಪಯುಕ್ತವಾದ ವಿಂಗಡಣೆಯೇ ಸರಿ. ಸೀರೆ, ಧೋತರ, ರುಮಾಲುಗಳಿಗೆ ಕತ್ತರಿಯ ಹಂಗಿಲ್ಲ. ಆದರೆ ಈ ವಿಂಗಡಣೆಯಿಂದ ಹೊಲಿಗೆಯ ವಿದ್ಯೆಯೇ ಇಲ್ಲಿ ಎರವಲೆಂಬ ತೀರ್ಮಾನಕ್ಕೆ ಹಾರುವುದು ಸಲ್ಲದು. ಸೂಜಿಯ ಮಾತು ಋಗ್ವೇದದಷ್ಟು ಹಳೆಯದು. ಮಥುರೆಯಲ್ಲಿ ದೊರೆತ ಕನಿಷ್ಕನ ಶಿರಸ್ಸಿಲ್ಲದ ವಿಗ್ರಹವು ಹೊಲಿದ ನಿಲುವಂಗಿಯನ್ನು ತೊಟ್ಟಿದೆ. ಅದು ಮಧ್ಯ ಏಷ್ಯದಿಂದ ಬಂದುದೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ನಮಗೆ ಬೇಕಾದ ಪುರಾವೆಯು ರಾಜರ ಉಡುಪಿನಲ್ಲಿಲ್ಲ, ಭಿಕ್ಷುಗಳ ಚೀವರದಲ್ಲಿದೆ.

ಪಾಲಿ ವಿನಯಪಿಟಕದ ಚುಲ್ಲವಗ್ಗದಲ್ಲಿ ಬರುವ ಒಂದು ಪ್ರಕರಣವನ್ನು ಹೊಲಿಗೆಯ ಇತಿಹಾಸಕಾರರು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಅಲ್ಲಿ ಭಿಕ್ಷುಗಳಿಗೆ ಒಂದೊಂದೇ ತೊಡಕು ಎದುರಾಗುತ್ತದೆ, ಬುದ್ಧನು ಒಂದೊಂದೇ ಉಪಕರಣಕ್ಕೆ ಅನುಮತಿ ಕೊಡುತ್ತಾ ಹೋಗುತ್ತಾನೆ. ಅರಿವೆಯನ್ನು ಕೈಯಿಂದ ಹರಿದರೆ ಅಂಚು ಕೆಡುತ್ತದೆ. ಆದುದರಿಂದ ಚಿಕ್ಕ ಕತ್ತಿಗೆ ಅನುಮತಿ. ಕೋಳಿಯ ಗರಿಯಿಂದಲೂ ಬಿದಿರಿನ ಸೀಳಿನಿಂದಲೂ ಹೊಲಿದರೆ ಹೊಲಿಗೆ ನಿಲ್ಲದು, ಆದುದರಿಂದ ಸೂಜಿ. ಸೂಜಿ ತುಕ್ಕು ಹಿಡಿಯುತ್ತದೆ. ಆದುದರಿಂದ ಸೂಜಿಯ ಕೊಳವೆ, ಅದರಲ್ಲಿ ತುಂಬಲು ಹಿಟ್ಟು, ಮೇಣ ಮೊದಲಾದವು. ಬೆರಳಿಗೆ ಸೂಜಿ ಚುಚ್ಚುತ್ತದೆ. ಆದುದರಿಂದ ಬೆರಳ ಕಾಪು. ಇವುಗಳ ನಡುವೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಮೂರು ವಸ್ತುಗಳಿವೆ. ಭಿಕ್ಷುಗಳು ನೆಲದಲ್ಲಿ ಗೂಟಗಳನ್ನು ನೆಟ್ಟು ಅರಿವೆಯನ್ನು ಅವಕ್ಕೆ ಕಟ್ಟಿ ಹೊಲಿಯುತ್ತಿದ್ದರು. ಇದರಿಂದ ಚೀವರದ ಮೂಲೆಗಳು ಸೊಟ್ಟಗಾಗುತ್ತಿದ್ದುವು. ಅದಕ್ಕಾಗಿ ಕಠಿನವೆಂಬ ಚೌಕಟ್ಟಿಗೂ, ಅರಿವೆಯನ್ನು ಅದಕ್ಕೆ ಅಲ್ಲಲ್ಲಿ ಬಿಗಿಯುವ ಹಗ್ಗಗಳಿಗೂ ಅನುಮತಿ ದೊರೆಯಿತು. ಹೊಲಿಗೆಗಳ ನಡುವಣ ಅಂತರವು ಸಮನಾಗಲೆಂದು ಕಳಿಂಭಕವೆಂಬ ಅಳತೆಯ ಗುರುತೂ, ಹೊಲಿಗೆಯ ಸಾಲು ನೆಟ್ಟಗಿರಲೆಂದು ಮೋಘಸುತ್ತಕವೆಂಬುದೂ ಬಂದುವು. ಮೋಘಸುತ್ತಕವೆಂದರೆ ಅಕ್ಷರಶಃ ಹುಸಿ ದಾರ. ಬಡಗಿಯು ಮರದ ಮೇಲೆ ಕಪ್ಪು ದಾರದಿಂದ ಗೆರೆ ಹೊಡೆಯುವಂತೆ ಅರಿಸಿನದ ದಾರದಿಂದ ಅರಿವೆಯ ಮೇಲೆ ಗುರುತು ಮಾಡುವುದೆಂದು ವ್ಯಾಖ್ಯಾನಕಾರರು ಇದನ್ನು ವಿವರಿಸುತ್ತಾರೆ.

ಇದೇ ವಿನಯದ ಮಹಾವಗ್ಗದಲ್ಲಿ ಮಾದರಿಯ ವಿಚಾರವೂ ಬರುತ್ತದೆ. ಬದುಗಳಿಂದ ತುಂಡುತುಂಡಾಗಿ ಹರಡಿದ್ದ ಮಗಧದ ಗದ್ದೆಗಳನ್ನು ತೋರಿಸಿ, ಚೀವರವನ್ನು ಹಾಗೆ ಹೊಲಿಯಲಾಗುವುದೇ ಎಂದು ಬುದ್ಧನು ಆನಂದನನ್ನು ಕೇಳಿದನೆಂದೂ, ಆನಂದನು ಅದರಂತೆ ಪಟ್ಟಿಗಳನ್ನೂ ಅಡ್ಡಪಟ್ಟಿಗಳನ್ನೂ ಕೂಡಿಸಿ ಸಿದ್ಧಪಡಿಸಿ ತೋರಿಸಿದನೆಂದೂ ಅಲ್ಲಿ ಹೇಳಿದೆ. ಕಾಗದವಿಲ್ಲ, ಗುಂಡುಸೂಜಿಯಿಲ್ಲ, ಆದರೆ ಮಾದರಿಯಿದೆ, ಅದನ್ನು ಅರಿವೆಗೆ ಇಳಿಸುವ ಗೆರೆಯಿದೆ, ಇಳಿಸುವಾಗ ಅರಿವೆ ಜಾರದಂತೆ ಹಿಡಿಯುವ ಚೌಕಟ್ಟಿದೆ. ಒಂದು ಕುಶಲ ವಿದ್ಯೆಯ ಪೂರ್ಣ ಸಾಮಗ್ರಿಯೇ ಇಲ್ಲಿದೆ ಎನ್ನಬೇಕು.

ಈ ಮಾತು ಮಗಧಕ್ಕೆ ಮಾತ್ರ ಸೇರಿದುದಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿಗೆ ಸೇರಿದ ಭೀಮಾ ತೀರದ ಸನ್ನತಿಯಲ್ಲಿ 1980ರ ದಶಕದಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದುವು. ಅದಕ್ಕೆ ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯು ನಡೆಸಿದ ಉತ್ಖನನದಲ್ಲಿ ಮಹಾಸ್ತೂಪವೂ, ಅಶೋಕನ ಹೆಸರನ್ನು ಕೆತ್ತಿದ ಶಿಲ್ಪಫಲಕವೂ ದೊರೆತುವು. ಸ್ತೂಪವಿದ್ದೆಡೆ ಭಿಕ್ಷುಸಂಘವಿದ್ದಿತು, ಸಂಘವಿದ್ದೆಡೆ ಮಳೆಗಾಲದ ವಾಸ ಮುಗಿದ ಮೇಲೆ ಚೀವರವನ್ನು ಹೊಲಿಯುವ ಕಠಿನದ ವಿಧಿಯಿದ್ದಿತು. ಪಂಥಗಳಲ್ಲಿ ವಿನಯದ ಪಾಠಭೇದಗಳಿದ್ದರೂ ಕಠಿನವು ಅವೆಲ್ಲಕ್ಕೂ ಸಾಮಾನ್ಯ. ಆದುದರಿಂದ ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಭೀಮೆಯ ದಡದ ಮೇಲೆ ಅರಿವೆಯನ್ನು ಚೌಕಟ್ಟಿಗೆ ಬಿಗಿದು, ದಾರದಿಂದ ಗೆರೆಹಾಕಿ ಹೊಲಿದ ಜನರಿದ್ದರೆಂದು ಊಹಿಸುವುದು ಅತಿಶಯವಾಗಲಾರದು. ಚೌಕಟ್ಟು ಮರದ್ದು, ಹಗ್ಗ ನಾರಿನದು, ಗೆರೆ ಅರಿಸಿನದ್ದು. ಉತ್ಖನನಕಾರನ ಕೈಗೆ ಇವುಗಳಲ್ಲಿ ಒಂದೂ ಸಿಕ್ಕದು. ಹೊಲಿಗೆಯಲ್ಲಿ ನಿಲ್ಲಿಸುವ ಸಾಧನಗಳ ಸ್ವಭಾವವೇ ಹೀಗೆ. ಕೆಲಸ ಮುಗಿಯುವ ಹೊತ್ತಿಗೆ ತಮ್ಮ ಗುರುತನ್ನು ಅವು ತಾವೇ ಅಳಿಸಿಕೊಳ್ಳುತ್ತವೆ. ಸೀಮೆಸುಣ್ಣದ ಗೆರೆ ಒಗೆತಕ್ಕೆ ಹೋಗುತ್ತದೆ, ಕಚ್ಚಾ ಹೊಲಿಗೆಯ ದಾರವನ್ನು ಎಳೆದು ಬಿಸಾಡುತ್ತಾರೆ, ಗುಂಡುಸೂಜಿಯನ್ನು ತೆಗೆದು ಡಬ್ಬಿಗೆ ಹಾಕುತ್ತಾರೆ. ಸಿದ್ಧವಾದ ಉಡುಪನ್ನು ಎಷ್ಟು ಪರೀಕ್ಷಿಸಿದರೂ ಅದು ಹೇಗೆ ನಿಂತಿತೆಂಬುದು ತಿಳಿಯದು. ದಾಖಲೆಗಳನ್ನೇ ನಂಬಿದ ನಮ್ಮ ಶಾಸ್ತ್ರಕ್ಕೆ ಇದೊಂದು ಸಂಕಟದ ವಿಷಯ.

ಮಧ್ಯಯುಗಕ್ಕೆ ಬಂದರೆ ಹೊಲಿಯುವವರ ಹೆಸರುಗಳು ಸಿಕ್ಕುತ್ತವೆ. ಕನ್ನಡದಲ್ಲಿ ಚಿಪ್ಪಿಗ, ಸಿಂಪಿಗ ಎಂಬ ಪದಗಳು ಹೊಲಿಯುವವನಿಗೇ ಮೀಸಲಾದುವು. ಬಸವಣ್ಣನವರ ಕಲ್ಯಾಣವು ಕಲಬುರಗಿಗೆ ದೂರದ್ದಲ್ಲ. ಸೂಜಿಕಾಯಕವೆಂಬ ವಿಶೇಷಣವನ್ನು ಹೆಸರಿನೊಡನೆ ಹೊತ್ತ ಶರಣನೊಬ್ಬನು ವಚನಕಾರರ ಸಾಲಿನಲ್ಲಿಯೇ ಇರುವುದು ಗಮನಾರ್ಹ. ಪಂಢರಪುರದ ಭಕ್ತಿಪಂಥದ ಸಂತ ನಾಮದೇವನು ಸಿಂಪಿಗರ ಮನೆತನದವನು. ಈ ಭಾಗದಲ್ಲಿ ಇಂದಿಗೂ ಶಿವಸಿಂಪಿ, ನಾಮದೇವ ಸಿಂಪಿ ಎಂಬ ಸಮಾಜಗಳಿವೆ. ಹೊಲಿಗೆಯನ್ನು ಪೂರ್ತಿ ಎರವಲೆನ್ನುವವರಿಗೆ ಇಷ್ಟೇ ಉತ್ತರ ಸಾಕು.

ಎರವಲು ಬಂದುದು ಇಲ್ಲವೆಂದೂ ಅಲ್ಲ. 1347ರಲ್ಲಿ ಬಹಮನೀ ರಾಜ್ಯವು ಸ್ಥಾಪಿತವಾಗಿ ಕಲಬುರಗಿಯು ರಾಜಧಾನಿಯಾದಾಗ, ಖಿಲ್ಲತ್ತೆಂಬ ಗೌರವದ ನಿಲುವಂಗಿಯನ್ನು ತೊಡಿಸುವ ಪದ್ಧತಿಯೂ, ತೋಳುಳ್ಳ ಮುಂಗೂಡಿನ ಅಂಗಿಗಳೂ ದಖ್ಖಣದಲ್ಲಿ ನೆಲೆಯೂರಿದುವು. ಅರಬ್ಬಿಯ ಕಬಾ ಎಂಬುದು ಕಬಾಯಿಯಾಗಿಯೂ, ಪಾರಸಿಯ ಕುಲಾಹವು ಕುಲ್ಲಾಯಿಯಾಗಿಯೂ ವಿಜಯನಗರದ ಆಸ್ಥಾನವನ್ನು ಹೊಕ್ಕವೆಂಬುದನ್ನು ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು 1996ರ ಪ್ರಬಂಧವೊಂದರಲ್ಲಿ ಸವಿವರವಾಗಿ ತೋರಿಸಿದ್ದಾರೆ. ಲೇಪಾಕ್ಷಿಯ ಭಿತ್ತಿಚಿತ್ರಗಳಲ್ಲಿ ಇವನ್ನು ಧರಿಸಿದವರನ್ನು ಕಾಣಬಹುದು. ಇಂತಹ ಅಂಗಿಗೆ ತೋಳು, ಕಂಕುಳು, ಮಗ್ಗುಲುಗಳಲ್ಲಿ ಬೇರೆಬೇರೆ ತುಂಡುಗಳು ಬೇಕು. ಆದರೂ ಅವುಗಳಲ್ಲಿ ಬಹುಪಾಲು ಆಯತ, ತ್ರಿಕೋನ, ಚೌಕಗಳೇ. ತೋಳಿನ ಕೆಳಗೆ ಇಡುವ ಚೌಕವನ್ನು ಉರ್ದು ಬಲ್ಲ ದರ್ಜಿಗಳು ಚೌಬಗಲಾ ಎನ್ನುತ್ತಾರೆ. ನೇರಗೆರೆಯ ತುಂಡುಗಳನ್ನು ಮಡಿಸಿಯೇ ಅಳೆಯಬಹುದು. ಗುಂಡುಸೂಜಿ ಏಕೆ ಬೇಕಾಗಲಿಲ್ಲವೆಂಬುದಕ್ಕೆ ಮೊದಲನೆಯ ಉತ್ತರವು ಇದರಲ್ಲಿ ದೊರೆಯುತ್ತದೆ.

ಮಡಿಕೆಯ ಮಹತ್ತ್ವವನ್ನು ಸ್ವಲ್ಪ ವಿವರಿಸಬೇಕು. ಅರಿವೆಯನ್ನು ಉದ್ದಕ್ಕೆ ಎರಡಾಗಿ ಮಡಿಸಿದರೆ ಎಡಬಲಗಳು ತಾವಾಗಿಯೇ ಸಮನಾಗುತ್ತವೆ. ಮತ್ತೊಮ್ಮೆ ಅಡ್ಡಕ್ಕೆ ಮಡಿಸಿದರೆ ಹಿಂದುಮುಂದುಗಳೂ ಸಮನಾಗುತ್ತವೆ. ನಾಲ್ಕು ಪದರುಗಳ ಮೇಲೆ ಒಂದೇ ಒಂದು ಕಾಲುಭಾಗದ ಆಕಾರವನ್ನು ಗುರುತಿಸಿದರೆ ಇಡೀ ಅಂಗಿ ಕತ್ತರಿಸಿ ಬರುತ್ತದೆ. ನೇಕಾರನು ಕೊಟ್ಟ ಅಂಚು ನೇರಗೆರೆಯ ಕೆಲಸವನ್ನು ಮಾಡುತ್ತದೆ. ಗುಳೇದಗುಡ್ಡದ ಖಣವನ್ನು ಕುಬಸಕ್ಕೆ ಕತ್ತರಿಸುವ ಕ್ರಮವನ್ನು ನೋಡಿದವರಿಗೆ ಇದು ಸ್ಪಷ್ಟವಾಗುವುದು. ಅಂಚು ತೋಳಿನ ಕೊನೆಗೆ ಬರಬೇಕು, ಚೂರೂ ವ್ಯರ್ಥವಾಗಬಾರದು. ಖಣದ ಅಗಲವೇ ಕುಬಸದ ಕಟ್ಟಳೆ. ಮಾದರಿಯ ಅರ್ಧವನ್ನು ನೇಕಾರನೇ ಮಗ್ಗದ ಮೇಲೆ ನಿರ್ಧರಿಸಿರುತ್ತಾನೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಈ ತತ್ತ್ವವು ತುದಿ ಮುಟ್ಟಿದೆಯೆನ್ನಬಹುದು. ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ಆನೆಗಳನ್ನು ಮೂಡಿಸುವ ಹೆಣ್ಣುಮಗಳು ಅರಿವೆಯ ಮೇಲೆ ಏನನ್ನೂ ಬರೆಯುವುದಿಲ್ಲ, ಏನನ್ನೂ ಚುಚ್ಚಿ ನಿಲ್ಲಿಸುವುದಿಲ್ಲ. ಹಾಸುಹೊಕ್ಕಿನ ಎಳೆಗಳನ್ನು ಎಣಿಸುತ್ತಾ ಹೋಗುತ್ತಾಳೆ. ಅವಳಿಗೆ ಬಟ್ಟೆಯೇ ಗೆರೆ ಹಾಕಿದ ಕಾಗದ.

ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ ಹೊಲಿಯುವ ಕೌದಿಯಲ್ಲಿ ಸಮಸ್ಯೆ ಬೇರೆ ಬಗೆಯದು. ಇಲ್ಲಿ ಆಕಾರ ಸರಳ, ಆದರೆ ಪದರುಗಳು ಒಂದರ ಮೇಲೊಂದು ಜಾರುತ್ತವೆ. ನಂದೂರದಂತಹ ಹಳ್ಳಿಗಳ ಮನೆಗಳಲ್ಲಿ ಹೆಣ್ಣುಮಕ್ಕಳು ನೆಲದ ಮೇಲೆ ಸೀರೆಗಳನ್ನು ಹರವಿ, ಮೂಲೆಗಳಿಗೆ ಕಲ್ಲನ್ನೋ ತುಂಬಿದ ತಂಬಿಗೆಯನ್ನೋ ಇಟ್ಟು, ದೊಡ್ಡ ದೊಡ್ಡ ಹೊಲಿಗೆಗಳಿಂದ ಮೊದಲು ಕಚ್ಚಾ ಹಿಡಿದು, ಆಮೇಲೆ ಸಾಲುಸಾಲಾಗಿ ಹೊಲಿಯುತ್ತಾರೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿಯಲ್ಲಿ ಒಂದು ಮೂಲೆಯಿಂದ ತೊಡಗಿ ಅಂಚಿನಗುಂಟ ಸುತ್ತುತ್ತಾ ನಡುಮಧ್ಯಕ್ಕೆ ಬರುವ ಕ್ರಮವಿದೆ. ತುಂಡು ಅರಿವೆಗಳ ಅಂಚನ್ನು ಬೆರಳಿನಿಂದಲೇ ಮಡಿಸಿ ಹಿಡಿಯುತ್ತಾ ಹೋಗುತ್ತಾರೆ. ಈ ಕ್ರಮದಲ್ಲಿ ಮುಂಗಡವಾಗಿ ಏನನ್ನೂ ನಿಲ್ಲಿಸಬೇಕಾಗಿಯೇ ಇಲ್ಲ. ಹೊಲಿದ ಭಾಗವೇ ಹೊಲಿಯಬೇಕಾದ ಭಾಗವನ್ನು ಹಿಡಿದಿರುತ್ತದೆ.

ಇನ್ನು ಗುಂಡುಸೂಜಿಯ ವಿಚಾರ. ಈ ವಸ್ತುವಿಗೆ ಕಲಬುರಗಿಯಲ್ಲಿ ಬಳಕೆಯಲ್ಲಿರುವ ಹೆಸರುಗಳೇ ಅದರ ಇತಿಹಾಸವನ್ನು ಅರ್ಧ ಹೇಳುತ್ತವೆ. ಗುಂಡುಸೂಜಿಯೆಂಬುದು ವರ್ಣನೆಯ ಹೆಸರು: ಕಣ್ಣಿಲ್ಲದ, ತಲೆ ಗುಂಡಾದ ಸೂಜಿ. ಪರಿಚಿತವಾದ ಸೂಜಿಯ ಮೂಲಕ ಅಪರಿಚಿತವಾದುದನ್ನು ಕನ್ನಡಿಗರು ಗುರುತಿಸಿಕೊಂಡ ಬಗೆ ಇದು. ಟಾಚಣಿಯೆಂಬುದು ಮರಾಠಿಯಿಂದ ಬಂದುದು. ಚುಚ್ಚಿ ಸೇರಿಸು ಎಂಬರ್ಥದ ಧಾತುವಿನಿಂದ ಹುಟ್ಟಿದ ಪದ. ಉರ್ದು ಮಾತಾಡುವವರ ಆಲ್ಪೀನ ಎಂಬ ಪದದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಕೇಳಿದೊಡನೆ ಅದು ಆಂಗ್ಲದ ಪಿನ್ನಿನ ಮಗುವೆಂದು ತೋರುವುದಾದರೂ ಮೂಲವು ಪೋರ್ತುಗೀಸರ ಅಲ್ಫಿನೇತೆ. ಆ ಅಲ್ಫಿನೇತೆಯಾದರೋ ಮುಳ್ಳು, ಕಡ್ಡಿ ಎಂಬರ್ಥದ ಅಲ್-ಖಿಲಾಲ್ ಎಂಬ ಅರಬ್ಬೀ ಪದದಿಂದ ಐಬೀರಿಯದಲ್ಲಿ ಹುಟ್ಟಿದುದು. ಅರಬ್ಬರಿಂದ ಪೋರ್ತುಗಲ್ಲಿಗೆ ಹೋದ ಪದವು ಪೋರ್ತುಗೀಸರ ಹಡಗನ್ನೇರಿ ಭಾರತಕ್ಕೆ ಬಂದು, ಅರಬ್ಬೀ ಲಿಪಿಯಲ್ಲಿಯೇ ಬರೆಯುವ ಉರ್ದುವನ್ನು ಸೇರಿಕೊಂಡಿತು. ಗುಂಡಿ ಹಾಕುವ ಕಾಜವೂ ಪೋರ್ತುಗೀಸರ ಕಾಸಾ ಎಂಬುದರಿಂದ ಬಂದುದು. ಇಸ್ತ್ರಿಯೂ ಆ ಭಾಷೆಯದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇದಕ್ಕೆ ಎದುರಾಗಿ, ಸೂಜಿ ಕತ್ತರಿಗಳು ಸಂಸ್ಕೃತದ ಸೂಚಿ ಕರ್ತರಿಗಳಿಂದ ಬಂದುವು. ಬೆರಳ ಕಾಪಾದ ಅಂಗುಸ್ತಾನವು ಪಾರಸಿಯದು. ಕಚ್ಚಾ ಹೊಲಿಗೆಗೆ ಉರ್ದುವಿನಲ್ಲಿ ಲಂಗರವೆಂಬ ಹೆಸರೂ ಇದೆ. ಹಡಗನ್ನು ನಿಲ್ಲಿಸುವ ಲಂಗರಿನ ಹೆಸರನ್ನೇ ಅರಿವೆಯನ್ನು ನಿಲ್ಲಿಸುವ ಹೊಲಿಗೆಗೆ ಇಟ್ಟವನು ಕುಶಲಿಯೂ ಹೌದು, ರಸಿಕನೂ ಹೌದು. ಒಟ್ಟಿನಲ್ಲಿ ಹೊಲಿಗೆಯ ಪದಕೋಶವು ಪದರುಪದರಾಗಿದೆ. ಗುಂಡುಸೂಜಿಯು ಅದರ ಮೇಲಿನ ಪದರಿಗೆ ಸೇರಿದ್ದು.

ಯೂರೋಪಿನಲ್ಲಿಯೂ ಅದು ಅಗ್ಗವಾದುದು ತಡವಾಗಿ. ತಂತಿಯನ್ನು ಎಳೆದು, ನೆಟ್ಟಗೆ ಮಾಡಿ, ಕತ್ತರಿಸಿ, ಮೊನೆ ಮಾಡಿ, ತಲೆಯನ್ನು ಬೇರೆಯಾಗಿ ಸುತ್ತಿ ಕೂಡಿಸಬೇಕಾಗಿದ್ದಿತು. ಆ್ಯಡಂ ಸ್ಮಿತ್ತನು 1776ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಶ್ರಮವಿಭಜನೆಗೆ ಕೊಟ್ಟ ಉದಾಹರಣೆಯು ಇದೇ: ಸುಮಾರು 18 ಬಿಡಿಕೆಲಸಗಳನ್ನು ಹಂಚಿಕೊಂಡ 10 ಜನರು ದಿನಕ್ಕೆ 48,000 ಗುಂಡುಸೂಜಿಗಳನ್ನು ಮಾಡುವರೆಂದೂ, ಒಬ್ಬೊಬ್ಬನೇ ಮಾಡಿದರೆ ದಿನಕ್ಕೆ 20 ಕೂಡ ಆಗಲಾರವೆಂದೂ ಅವನು ಲೆಕ್ಕ ಹಾಕಿದನು. ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಇದನ್ನು ಓದಿರುತ್ತಾರೆ. ಆ ಸೂಜಿಗಳು ಯಾವುದಕ್ಕೆ ಬಳಕೆಯಾದುವೆಂದು ಕೇಳುವವರು ಕಡಮೆ. ಅಮೆರಿಕದಲ್ಲಿ 1830ರ ದಶಕದಲ್ಲಿ ಗುಂಡುಸೂಜಿಯನ್ನು ಪೂರ್ತಿಯಾಗಿ ಮಾಡುವ ಯಂತ್ರಗಳು ಬಂದ ಮೇಲೆ ಅದು ಬಡವರ ಮನೆಗೂ ದೊರೆಯುವಂತಾಯಿತು. 1863ರಲ್ಲಿ ಎಬೆನೇಜರ್ ಬಟರಿಕ್ ಎಂಬ ಅಮೆರಿಕದ ದರ್ಜಿಯು ಬೇರೆಬೇರೆ ಅಳತೆಗಳಲ್ಲಿ ತೆಳುಕಾಗದದ ಮಾದರಿಗಳನ್ನು ಮಾರತೊಡಗಿದನು. ತೆಳುಕಾಗದವು ತಾನಾಗಿ ನಿಲ್ಲುವುದಿಲ್ಲ, ಗಾಳಿಗೆ ಹಾರುತ್ತದೆ. ಅದನ್ನು ಅರಿವೆಗೆ ಚುಚ್ಚಿಯೇ ನಿಲ್ಲಿಸಬೇಕು. ಹೀಗೆ ಕಾಗದದ ಮಾದರಿಯೂ ಅಗ್ಗದ ಗುಂಡುಸೂಜಿಯೂ ಮನೆಯ ಹೊಲಿಗೆಯಂತ್ರವೂ ಜತೆಯಾಗಿ ಮಧ್ಯಮವರ್ಗದ ಗೃಹಿಣಿಯ ಕೈಗೆ ಬಂದುವು.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕಾಗಿದೆ. ಯೂರೋಪಿನ ವೃತ್ತಿಪರ ದರ್ಜಿಯು ಗುಂಡುಸೂಜಿಯನ್ನು ಎಂದೂ ಅಷ್ಟಾಗಿ ನೆಚ್ಚಿದವನಲ್ಲ. ಸ್ಪೇನಿನ ಹ್ವಾನ್ ದೆ ಅಲ್ಸೆಗಾ 1580ರಲ್ಲಿ ಅಚ್ಚುಹಾಕಿಸಿದ ಕತ್ತರಿಕೆಯ ಪುಸ್ತಕವು ಅರಿವೆಯ ಅಗಲದಲ್ಲಿ ತುಂಡುಗಳನ್ನು ಹೇಗೆ ಹೊಂದಿಸಬೇಕೆಂಬುದನ್ನು ನಕ್ಷೆಯಲ್ಲಿ ತೋರಿಸುತ್ತದೆ. ಅದು ಕಣ್ಣಿನಿಂದ ಕಲಿತು ಕೈಯಿಂದ ಗೆರೆ ಹಾಕುವವರಿಗಾಗಿ ಬರೆದುದು. ಲಂಡನ್ನಿನ ಹೆಸರಾಂತ ದರ್ಜಿಗಳು ಇಂದಿಗೂ ದಪ್ಪ ಕಾಗದದ ಮಾದರಿಯನ್ನು ಅರಿವೆಯ ಮೇಲೆ ಭಾರವಿಟ್ಟು ನಿಲ್ಲಿಸಿ, ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸುತ್ತಾರೆ. ಇದಕ್ಕೆ ಕಾರಣವೂ ಉಂಟು. ಗುಂಡುಸೂಜಿಯನ್ನು ಚುಚ್ಚಿದಲ್ಲೆಲ್ಲ ಅರಿವೆಯು ಮೇಜಿನಿಂದ ಕೂದಲೆಳೆಯಷ್ಟು ಮೇಲೇಳುತ್ತದೆ. ಹತ್ತು ಕಡೆ ಚುಚ್ಚಿದರೆ ಗೆರೆ ಹತ್ತು ಕಡೆ ಅಲುಗುತ್ತದೆ. ರೇಷ್ಮೆಯಲ್ಲಿ ತೂತು ಉಳಿಯುತ್ತದೆ. ಕಬ್ಬಿಣದ ಗುಂಡುಸೂಜಿಯು ಮಳೆಗಾಲದಲ್ಲಿ ತುಕ್ಕಿನ ಕಲೆಯನ್ನು ಬಿಡುತ್ತದೆ. ಹೀಗಿರಲಾಗಿ, ಗುಂಡುಸೂಜಿಯ ಬಳಕೆಯು ಪೂರ್ವ ಪಶ್ಚಿಮಗಳ ಭೇದವನ್ನು ತೋರಿಸುವುದಿಲ್ಲ. ಕಾಗದದಿಂದ ಕಲಿತವರಿಗೂ ಗುರುವಿನ ಕೈನೋಡಿ ಕಲಿತವರಿಗೂ ನಡುವಣ ಭೇದವನ್ನು ತೋರಿಸುತ್ತದೆ. ಕಲಬುರಗಿಯ ದರ್ಜಿಯು ಲಂಡನ್ನಿನ ತನ್ನ ಸಹವೃತ್ತಿಯವನೊಂದಿಗೆ ಈ ವಿಷಯದಲ್ಲಿ ಒಂದೇ ಪಂಕ್ತಿಯಲ್ಲಿದ್ದಾನೆ.

ಈ ಸೀಮೆಗೆ ಹೊಸ ಸಾಮಗ್ರಿಗಳು ಬಂದ ದಾರಿ ರೈಲಿನದು. ಮುಂಬಯಿಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದುವು; ಕಲಬುರಗಿಯು ಆ ದಾರಿಯ ಮೇಲೆಯೇ ಇದ್ದಿತು. 1880ರ ದಶಕದಲ್ಲಿ ಆರನೆಯ ನಿಜಾಮ ಮೆಹಬೂಬ್ ಅಲೀ ಖಾನನ ಹೆಸರಿನಲ್ಲಿ ಮೆಹಬೂಬ್ ಶಾಹಿ ಗಿರಣಿಯು ಇಲ್ಲಿ ಆರಂಭವಾಯಿತು. ಇಂದು ಗಿರಣಿಯಿಲ್ಲ, ಎಂ.ಎಸ್.ಕೆ. ಮಿಲ್ ಎಂಬ ಹೆಸರು ಮಾತ್ರ ನಗರದ ಬಡಾವಣೆಗೆ ಉಳಿದಿದೆ. ಗಿರಣಿಯ ಅರಿವೆಯು ಗಜಗಟ್ಟಲೆ ಬಂದಾಗ ಅಂಚಿನಲ್ಲಿ ಅಡಗಿದ್ದ ನೇಕಾರನ ಕಟ್ಟಳೆ ಸಡಿಲವಾಯಿತು. ಕತ್ತರಿಯ ಕೆಲಸ ಹೆಚ್ಚಿತು. ಹೊಲಿಗೆಯಂತ್ರವೂ ಬಂದಿತು. ಭಾರತದಲ್ಲಿಯೇ ಉಷಾ ಯಂತ್ರಗಳ ತಯಾರಿಕೆಯು ಕಲಕತ್ತೆಯಲ್ಲಿ 1930ರ ದಶಕದಲ್ಲಿ ಮೊದಲಾದ ಮೇಲೆ ಅದು ಹಳ್ಳಿಗಳ ಪಡಸಾಲೆಗಳಿಗೂ ತಲಪಿತು. ನಿಜಾಮರ ಆಳಿಕೆಯಲ್ಲಿ ಶೇರವಾನಿಯು ಅಧಿಕಾರಿಗಳ ಉಡುಪಾಗಿದ್ದಿತು. ಮೇಲರಿವೆ, ನಡುವಣ ಬಿರುಸು ಅರಿವೆ, ಒಳಪದರು, ನಿಂತ ಕೊರಳಪಟ್ಟಿ ಇವೆಲ್ಲವೂ ಒಂದಕ್ಕೊಂದು ಅಂಟಿದಂತೆ ಕೂಡುವುದೇ ಶೇರವಾನಿಯ ಮರ್ಮ. ಅದನ್ನು ಹೊಲಿಯುವವನು ಬಿಳಿಯ ದಾರದಿಂದ ಉದ್ದನೆಯ ಕಚ್ಚಾ ಹೊಲಿಗೆಗಳನ್ನು ಹಾಕಿ, ಗಿರಾಕಿಗೆ ತೊಡಿಸಿ ನೋಡಿ, ಬಿಚ್ಚಿ, ಮತ್ತೆ ಹಾಕುತ್ತಿದ್ದನು. ಹುಸಿ ದಾರವೆಂಬ ಪ್ರಾಚೀನ ಹೆಸರು ಇದಕ್ಕೆ ಸಲ್ಲುವಷ್ಟು ಮತ್ತಾವುದಕ್ಕೂ ಸಲ್ಲದು. ಗುಂಡುಸೂಜಿಯು ಎರಡು ಬಿಂದುಗಳಲ್ಲಿ ಹಿಡಿಯುತ್ತದೆ. ಕಚ್ಚಾ ಹೊಲಿಗೆಯು ಸಾಲಿನುದ್ದಕ್ಕೂ ಹಿಡಿಯುತ್ತದೆ, ಅರಿವೆಯು ಬಾಗಿದರೆ ತಾನೂ ಬಾಗುತ್ತದೆ. ಶೇರವಾನಿಯನ್ನು ಗುಂಡುಸೂಜಿಗಳಿಂದ ನಿಲ್ಲಿಸಿ ಗಿರಾಕಿಗೆ ತೊಡಿಸಿದರೆ ಆಗುವ ಅನಾಹುತವನ್ನು ವಾಚಕರೇ ಊಹಿಸಿಕೊಳ್ಳಬಹುದು.

ಕಾಗದದ ಮಾದರಿಯು ನಮ್ಮಲ್ಲಿಗೆ ಬಂದುದು ಮುಖ್ಯವಾಗಿ ಶಾಲೆಯ ಮೂಲಕ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಂತಹ ಸಂಸ್ಥೆಗಳ ಹೆಣ್ಣುಮಕ್ಕಳ ಶಾಲೆಗಳಲ್ಲಿ ಸೂಜಿಕೆಲಸವು ಪಾಠದ ವಿಷಯವಾಯಿತು; ಅನಂತರ ಸರ್ಕಾರಿ ಶಾಲೆಗಳೂ, ಸ್ವಾತಂತ್ರ್ಯಾನಂತರದ ಕೈಗಾರಿಕಾ ತರಬೇತಿ ಸಂಸ್ಥೆಗಳೂ ಅದನ್ನು ಮುಂದುವರಿಸಿದುವು. ಅಲ್ಲಿ ಮೊದಲು ಕಾಗದದ ಮೇಲೆ ರೇಖಿಸುವುದು, ಕತ್ತರಿಸುವುದು, ಅರಿವೆಯ ಮೇಲಿಟ್ಟು ಗುಂಡುಸೂಜಿಯಿಂದ ನಿಲ್ಲಿಸುವುದು, ಆಮೇಲೆ ಗುರುತು ಹಾಕುವುದು ಎಂಬ ಕ್ರಮ. ಕಲಿಯುವವರಿಗೆ ಇದು ಒಳ್ಳೆಯ ಕ್ರಮವೇ. ಕಾಗದ ಕೆಟ್ಟರೆ ಅರಿವೆ ಉಳಿಯುತ್ತದೆ. ಅದಲ್ಲದೆ, ದರ್ಜಿಯ ಮನೆತನದಲ್ಲಿ ಹುಟ್ಟದ ಹೆಣ್ಣುಮಕ್ಕಳಿಗೂ ಈ ವಿದ್ಯೆಯ ಬಾಗಿಲನ್ನು ತೆರೆದುದು ಕಾಗದ ಮತ್ತು ಗುಂಡುಸೂಜಿಗಳೇ ಎಂಬುದನ್ನು ಮರೆಯಲಾಗದು. ಗುರುವಿನ ಕೈಯನ್ನು ವರ್ಷಗಟ್ಟಲೆ ನೋಡುವ ಅವಕಾಶವು ಗಂಡುಮಕ್ಕಳಿಗೆ ಮಾತ್ರ ದೊರೆಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಉಪಕಾರವಲ್ಲ. ದೋಷವು ಬೇರೆಡೆಯಲ್ಲಿದೆ. ಪಾಠಕ್ಕೆ ಅನುಕೂಲವಾದ ಕ್ರಮವೇ ಶಾಸ್ತ್ರವೆಂದೂ, ಕಾಗದವಿಲ್ಲದೆ ಕತ್ತರಿಸುವುದು ಅಂದಾಜಿನ ಕೆಲಸವೆಂದೂ ಬಗೆಯುವ ಅಭ್ಯಾಸವು ಬೆಳೆಯಿತು. ಪ್ರಮಾಣಪತ್ರವು ಮೊದಲನೆಯದಕ್ಕೆ ಮಾತ್ರ ದೊರೆಯುತ್ತದೆ.

ಅಂದಾಜಿನದೆಂಬ ಈ ಕೆಲಸದಲ್ಲಿ ಮಾದರಿಯಿಲ್ಲವೆಂಬುದೂ ನಿಜವಲ್ಲ. ರವಿಕೆ ಹೊಲಿಸಲು ಹೋಗುವ ನಮ್ಮ ಹೆಂಗಸರು ಹೊಸ ಅರಿವೆಯ ಜತೆಗೆ ಮೈಗೆ ಚೆನ್ನಾಗಿ ಕೂಡುವ ಹಳೆಯದೊಂದನ್ನು ಕೊಂಡೊಯ್ಯುತ್ತಾರೆ. ಅಳತೆಯ ರವಿಕೆಯೆಂಬುದೇ ಅದರ ಹೆಸರು. ದರ್ಜಿಯು ಅದನ್ನು ಮಡಿಸಿ, ಮಡಿಸಿದ ಹೊಸ ಅರಿವೆಯ ಮೇಲೆ ಹರವಿ, ಎಡ ಅಂಗೈಯಿಂದ ಒತ್ತಿ ಹಿಡಿಯುತ್ತಾನೆ; ಕತ್ತರಿಯನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಒಂದು ಕೊನೆಗೆ ಭಾರವಾಗಿಡುತ್ತಾನೆ; ಸೀಮೆಸುಣ್ಣದಿಂದಲೋ ಒಣಗಿದ ಸಾಬೂನಿನ ಚೂರಿನಿಂದಲೋ ಸುತ್ತಲೂ ಗೆರೆ ಎಳೆದು, ಹೊಲಿಗೆಯ ಒಳಕ್ಕೆ ಬೇಕಾದಷ್ಟು ಅರಿವೆಯನ್ನು ಬಿಟ್ಟು, ಎದೆ ತೋಳುಗಳಲ್ಲಿ ಒಂದೆರಡು ತಿದ್ದುಪಡಿಗಳನ್ನು ಮಾಡಿ ಕತ್ತರಿಸುತ್ತಾನೆ. ಬಟರಿಕ್ಕನ ಕಾಗದವು ಯಾರದೋ ಸರಾಸರಿ ಮೈಗೆ ಮಾಡಿದ್ದು. ಅಳತೆಯ ರವಿಕೆಯು ಅದನ್ನು ತೊಡುವವಳ ಮೈಯಲ್ಲಿಯೇ ಹಲವು ವರ್ಷ ಪರೀಕ್ಷಿತವಾದುದು. ಅರಿವೆಯ ಮೇಲೆ ಅರಿವೆಯನ್ನಿಟ್ಟಾಗ ಎರಡರ ಮೇಲ್ಮೈಯೂ ಒರಟಾಗಿ ಪರಸ್ಪರ ಕಚ್ಚಿಕೊಳ್ಳುವುದರಿಂದ, ಕಾಗದದಂತೆ ಅದು ಜಾರುವುದೂ ಇಲ್ಲ. ಚುಚ್ಚುವ ಸಾಧನದ ಅವಶ್ಯಕತೆಯೇ ಇಲ್ಲಿ ಹುಟ್ಟುವುದಿಲ್ಲ.

ಜರದೋಜಿಯ ಕುಶಲಿಗಳಾದರೋ ಕಾಗದವನ್ನು ಬಹುಕಾಲದಿಂದ ಬಳಸಿದ್ದಾರೆ, ಆದರೆ ತಿರುಗುಮುರುಗಾಗಿ. ಅವರು ಖಾಕಾ ಎಂಬ ಕಾಗದದ ಮೇಲೆ ಚಿತ್ರವನ್ನು ಬರೆದು, ಗೆರೆಯಗುಂಟ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ, ಅದನ್ನು ಅರಿವೆಯ ಮೇಲಿಟ್ಟು ಬಣ್ಣದ ಪುಡಿಯನ್ನೋ ಸೀಮೆಎಣ್ಣೆಯಲ್ಲಿ ಕಲಸಿದ ಬಣ್ಣವನ್ನೋ ತಿಕ್ಕುತ್ತಾರೆ. ತೂತುಗಳ ಮೂಲಕ ಇಳಿದ ಚುಕ್ಕೆಗಳು ಅರಿವೆಯ ಮೇಲೆ ಉಳಿಯುತ್ತವೆ, ಕಾಗದವು ಮತ್ತೊಂದು ಸಲಕ್ಕೆ ಒದಗುತ್ತದೆ. ಇಲ್ಲಿ ಸೂಜಿಯು ಮಾದರಿಯನ್ನು ನಿಲ್ಲಿಸುವುದಿಲ್ಲ, ದಾಟಿಸುತ್ತದೆ. ಅರಿವೆಯಾದರೋ ಅಡ್ಡಾ ಎಂಬ ಚೌಕಟ್ಟಿಗೆ ಹಗ್ಗದಿಂದ ಬಿಗಿದಿರುತ್ತದೆ. ಭಿಕ್ಷುಗಳ ಕಠಿನಕ್ಕೂ ಇದಕ್ಕೂ ನೇರವಾದ ವಂಶಸಂಬಂಧವನ್ನು ಕಲ್ಪಿಸುವ ಸಾಹಸವನ್ನು ನಾವು ಮಾಡುವುದಿಲ್ಲ. ಒಂದೇ ತೊಡಕಿಗೆ ದೊರೆತ ಒಂದೇ ಪರಿಹಾರವೆಂದಷ್ಟೇ ಹೇಳಬಹುದು.

ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಈ ಇಡೀ ವಿಚಾರವು ಬೇರೊಂದು ರೂಪವನ್ನು ತಾಳಿದೆ. ಅಲ್ಲಿ ಅರಿವೆಯನ್ನು ಉದ್ದನೆಯ ಮೇಜಿನ ಮೇಲೆ ಹತ್ತಾರು ಪದರುಗಳಾಗಿ ಹಾಸಿ, ಎಲ್ಲ ತುಂಡುಗಳ ಆಕಾರಗಳನ್ನೂ ಒಟ್ಟಿಗೆ ಅಚ್ಚುಹಾಕಿದ ಕಾಗದವನ್ನು ಮೇಲೆ ಹರವಿ, ಹಿಡಿಕೆಗಳಿಂದಲೂ ಲೋಹದ ಭಾರಗಳಿಂದಲೂ ಅದುಮಿ, ನೆಟ್ಟನೆಯ ಅಲಗಿನ ವಿದ್ಯುತ್ ಯಂತ್ರದಿಂದ ಕತ್ತರಿಸುತ್ತಾರೆ. ತುಂಡುಗಳ ಹೊಂದಾಣಿಕೆಯನ್ನು ಗಣಕಯಂತ್ರವು ಲೆಕ್ಕ ಹಾಕುತ್ತದೆ. ಚೌಕಳಿಯ ಅರಿವೆಯಲ್ಲಿ ಪದರುಪದರಿಗೂ ಗೆರೆ ಕೂಡಬೇಕಾದಾಗ ಮಾತ್ರ, ಮೇಜಿನಿಂದ ಮೇಲ್ಮುಖವಾಗಿ ನಿಂತ ಮೊನೆಗಳಿಗೆ ಪ್ರತಿಯೊಂದು ಪದರನ್ನೂ ಸಿಕ್ಕಿಸುವ ಪದ್ಧತಿಯಿದೆ. ಗುಂಡುಸೂಜಿಯ ತಯಾರಿಕೆಯಲ್ಲಿ ಆ್ಯಡಂ ಸ್ಮಿತ್ತನು ಕಂಡ ಶ್ರಮವಿಭಜನೆಯು ಹೀಗೆ ಉಡುಪಿಗೂ ಬಂದಿದೆ. ಗೆರೆ ಹಾಕುವವನು ಒಬ್ಬ, ಕತ್ತರಿಸುವವನು ಒಬ್ಬ. ದಿನವಿಡೀ ಬಲತೋಳನ್ನಷ್ಟೇ ಕೂಡಿಸುವ ಹೆಣ್ಣುಮಗಳಿಗೆ ಪೂರ್ತಿ ಮಾದರಿಯ ಪರಿಚಯವಾಗುವುದೇ ಇಲ್ಲ.

ಈ ಮಾತು ನಮ್ಮ ಜಿಲ್ಲೆಗೆ ದೂರದ್ದಲ್ಲ. ನಗರದ ಅಂಚಿನ ನಂದೂರ ಕೆಸರಟಗಿಗಳ ಹೊಲಗಳು ಕೈಗಾರಿಕಾ ಪ್ರದೇಶವಾಗಿ ಮಾರ್ಪಟ್ಟಿವೆ. 2023ರ ಮಾರ್ಚಿ ತಿಂಗಳಲ್ಲಿ ಕೇಂದ್ರ ಸರ್ಕಾರವು ಬೃಹತ್ ಜವಳಿ ಉದ್ಯಾನಗಳಿಗೆಂದು ಪ್ರಕಟಿಸಿದ 7 ಸ್ಥಳಗಳಲ್ಲಿ ಕಲಬುರಗಿಯೂ ಒಂದು. ಅದಕ್ಕೆ ಗೊತ್ತುಮಾಡಿದ ಹೊನ್ನಕಿರಣಗಿಯ ಪರಿಸರವು ಫಿರೋಜ್ ಷಾ ಬಹಮನಿಯು 1400ರ ಸುಮಾರಿಗೆ ಭೀಮೆಯ ದಡದಲ್ಲಿ ಕಟ್ಟಿಸಿದ ಫಿರೋಜಾಬಾದಿಗೆ ಹತ್ತಿರದ್ದು. ಇಂತಹ ಉದ್ಯಮಗಳಿಗೆ ಬೇಕಾದವರನ್ನು ತರಬೇತುಗೊಳಿಸುವಾಗ ಮಡಿಕೆ, ಭಾರ, ಕಚ್ಚಾ ಹೊಲಿಗೆ, ಅಳತೆಯ ರವಿಕೆ ಇವುಗಳನ್ನು ಬಲ್ಲವರನ್ನು ಏನೂ ತಿಳಿಯದವರ ಸಾಲಿನಲ್ಲಿ ಕೂರಿಸುವುದೇ, ಅಥವಾ ಅವರ ಅರಿವಿಗೂ ಒಂದು ದರ್ಜೆಯನ್ನು ಕೊಡುವುದೇ ಎಂಬ ಪ್ರಶ್ನೆಯು ಆಡಳಿತಗಾರರದು. ಇತಿಹಾಸದ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವು ಇದಕ್ಕಿಂತ ಸಣ್ಣದು ಮತ್ತು ತುರ್ತಿನದು. ಪೇಟೆಯ ಹಿರಿಯ ದರ್ಜಿಗಳು ಬಳಸುವ ಪದಗಳನ್ನು, ಯಾವ ಅರಿವೆಗೆ ಯಾವ ಮಡಿಕೆಯೆಂಬ ಅವರ ಕಟ್ಟಳೆಗಳನ್ನು, ಶೇರವಾನಿಯ ಕಚ್ಚಾ ಹೊಲಿಗೆಯ ಕ್ರಮವನ್ನು ಕೇಳಿ ಬರೆದುಕೊಳ್ಳಬೇಕು. ಬರೆದುಕೊಳ್ಳುವಾಗ ಆಲ್ಪೀನ, ಟಾಚಣಿ, ಗುಂಡುಸೂಜಿಗಳಲ್ಲಿ ಯಾವುದನ್ನು ಯಾರು ಯಾವ ಕೆಲಸಕ್ಕೆ ಹೇಳುತ್ತಾರೆಂಬುದನ್ನೂ ಗುರುತಿಸುವುದು ಒಳ್ಳೆಯದು. ಸಿದ್ದಿಯರ ಕವಂದಿ, ಧಾರವಾಡದ ಕಸೂತಿ, ಸಂಡೂರಿನ ಲಂಬಾಣಿ ಕಸೂತಿಗಳು ಪ್ರದರ್ಶನಕ್ಕೆ ಯೋಗ್ಯವಾದ ವಸ್ತುಗಳಾದುದರಿಂದ ವಿದ್ವಾಂಸರ ಕಣ್ಣಿಗೆ ಬಿದ್ದಿವೆ. ಕುಬಸ, ರವಿಕೆ, ಪೈಜಾಮಗಳನ್ನು ಕತ್ತರಿಸಿದವರ ವಿಷಯದಲ್ಲಿ ಅಂತಹ ಕೆಲಸವು ಈ ಸೀಮೆಯಲ್ಲಿ ನಡೆಯಬೇಕಾಗಿದೆ.